ಕೊಟ್ರಬಸಪ್ಪನ ಇನ್ನೂರ ನಲವತ್ತೇಳು

ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಕೊಟ್ರಬಸಪ್ಪ ತನ್ನ ಐವತ್ತಾರು ವರ್ಷದ ಬಾಳಿನಲ್ಲಿ ಹೇಳಿಕೊಳ್ಳುವಂಥ ಸುಳ್ಳು ಹೇಳಿದ್ದು ಒಂದೇ ಒಂದು. ಆ ಸುಳ್ಳಿಗೆ ಮೂರು ಅಂಕಿ ಇದ್ದವು. ಎರಡು, ನಾಲ್ಕು, ಏಳು.

ರೂಢಿ ಇದ್ದವರಾದರೆ ಹೇಳಿದ ಸುಳ್ಳನ್ನು ಹೇಳಿದಲ್ಲೇ ಬಿಟ್ಟು ಬರುತ್ತಾರೆ. ಕೊಟ್ರಬಸಪ್ಪನಿಗೆ ರೂಢಿ ಇರಲಿಲ್ಲ. ಅವನು ಅದನ್ನು ಮನೆಗೆ ತಂದ. ತಂದವನು ಅದನ್ನು ನಿಜ ಮಾಡಲು ಹೊರಟ. ತೊಂದರೆ ಶುರುವಾದದ್ದು ಅಲ್ಲಿ.

೧೯೮೮ನೇ ಇಸವಿ, ಬೇಸಿಗೆ ಇನ್ನೂ ಬಲಿತಿರಲಿಲ್ಲ. ಕೊಟ್ರಬಸಪ್ಪ, ಅವನ ಹೆಂಡತಿ ಅನ್ನದಾನಮ್ಮ, ಮಗ ಹಾಲಸ್ವಾಮಿ ಮೂವರೂ ಹರಪನಹಳ್ಳಿ ತಾಲೂಕಿನ ಅರಸೀಕೆರೆಗೆ ಹೆಣ್ಣು ನೋಡಲು ಹೋಗಿದ್ದರು. ಹಾಲಸ್ವಾಮಿ ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮಾಸ್ತರ. ನಲವತ್ತು ಹುಡುಗರಿಗೆ ಗಂಟಲು ಹರಿಯುವ ಹಾಗೆ ಮಗ್ಗಿ ಹೇಳಿಸುವವನು, ದೊಡ್ಡವರು ನಾಲ್ಕು ಜನ ಕೂತ ಕಡೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹುಡುಗಿ ಪಂಪಾವತಿ ಎಸ್ಸೆಸ್ಸೆಲ್ಸಿ ಪಾಸಾದವಳು. ಅವಳ ಅಪ್ಪ ನಾಗೇಂದ್ರಪ್ಪನದು ಗೊಬ್ಬರದ ಅಂಗಡಿ. ಒಂದು ಚೀಲ ಯೂರಿಯಾ ಇಳಿಸಿಕೊಳ್ಳಬೇಕಾದರೂ ಮೂರು ಕಡೆ ವಿಚಾರಿಸುವ ಮನುಷ್ಯ.

ಉಪ್ಪಿಟ್ಟು, ಚಹಾ ಎಲ್ಲ ಆಯಿತು. ಎರಡೂ ಕಡೆಯವರಿಗೆ ಒಳಗೊಳಗೇ ಒಪ್ಪಿಗೆ ಆದ ಹಾಗಿತ್ತು. ನಾಗೇಂದ್ರಪ್ಪ ಡೈರಿ ತೆರೆದ.

"ನಮ್ಮವ್ವನ್ನ, ಹುಡುಗಿನ್ನ ಕೇಳಿ ಎಂಟು ದಿನದಾಗ ನಾನ ಫೋನ್ ಹಚ್ತೀನ್ರಿ. ನಿಮ್ಮನಿ ಫೋನ್ ನಂಬರ ಎಷ್ಟು?"

'ನಮ್ಮ ಮನ್ಯಾಗ ಫೋನಿಲ್ರಿ, ಒಂದು ಕಾರ್ಡು ಹಾಕ್ರಿ' ಎಂದಿದ್ದರೆ ಮುಗಿದಿತ್ತು. ಕೊಟ್ರಬಸಪ್ಪ ಅದನ್ನೇ ಹೇಳಲು ಬಾಯಿ ತೆರೆದದ್ದು ನಿಜ. ಆದರೆ ನಾಗೇಂದ್ರಪ್ಪ ಆಗಲೇ ಪೆನ್ನಿನ ಟೊಪ್ಪಿಗೆ ತೆಗೆದು, ಹಾಳೆಯ ಮೇಲೆ ಮೊನೆ ಊರಿ, ಮುಖ ಎತ್ತಿ ಕಾಯುತ್ತಿದ್ದ. ಹಾಗೆ ಕಾಯುತ್ತಿರುವ ಪೆನ್ನನ್ನು ಬರಿದೇ ವಾಪಸು ಕಳಿಸುವ ಧೈರ್ಯ ಕೊಟ್ರಬಸಪ್ಪನಿಗೆ ಬರಲಿಲ್ಲ. ಅವತ್ತು ಬೆಳಿಗ್ಗೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಚಹಾ ಕುಡಿದು ಬರುವವರೆಗೆ ಅರ್ಧ ತಾಸು ಬಸ್ಸು ನಿಂತಿತ್ತು. ಕಿಟಕಿಯ ಎದುರಿನ ಗೋಡೆ ಮೇಲೆ ಯಾವುದೋ ಜಾಹೀರಾತು. ಏನಿತ್ತು ಎನ್ನುವುದು ಅವನಿಗೆ ನೆನಪಿರಲಿಲ್ಲ. ಕೆಂಪು ಬಣ್ಣದಲ್ಲಿ ಬರೆದ ಮೂರು ಅಂಕಿ ಮಾತ್ರ ಕಣ್ಣಿನಲ್ಲಿ ಉಳಿದಿದ್ದವು.

"ಇನ್ನೂರ ನಲವತ್ತೇಳು," ಅಂದುಬಿಟ್ಟ.

ಅನ್ನದಾನಮ್ಮ ಗಂಡನ ಮುಖ ನೋಡಿದಳು. ಹಾಲಸ್ವಾಮಿ ಎದುರಿನ ಬಾಗಿಲ ಕಡೆ ನೋಡುತ್ತಿದ್ದ. ನಾಗೇಂದ್ರಪ್ಪ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದ.

ವಾಪಸು ಬರುವಾಗ ಬಸ್ಸು ಊರು ದಾಟಿತು. ಆಮೇಲೆ ಅನ್ನದಾನಮ್ಮ ಕೇಳಿದಳು.

"ನಮ್ಮ ಮನ್ಯಾಗ ಫೋನ್ ಎಲ್ಲೈತ್ರಿ?"

"ಹಾಕಿಸಿದ್ರಾತು."

"ಆ ನಂಬರು?"

"ಅದನ್ನ ಕೇಳಿ ಹಾಕಿಸಿದ್ರಾತು."

"ಅಂಗಿ ಹೊಲಿಯಾಕ ಕೊಟ್ಟಂಗ ಅಳತಿ ಹೇಳಿ ತರ್ತೀರೇನು?" ಎಂದು ಅವಳು ಕಿಟಕಿ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಟೆಲಿಫೋನ್ ಆಫೀಸಿನ ಬಾಗಿಲು ತೆರೆಯುವುದಕ್ಕೆ ಮೊದಲೇ ಕೊಟ್ರಬಸಪ್ಪ ಅಲ್ಲಿದ್ದ. ಆಗ ಊರಿನಲ್ಲಿ ಹೊಸ ಎಕ್ಸ್‌ಚೇಂಜಿನ ಸುದ್ದಿ. ಡಿಜಿಟಲ್ ಅಂತೆ, ಊರೊಳಗೆ ಆಪರೇಟರನ್ನು ಕೇಳುವುದೇ ಬೇಡವಂತೆ, ನಂಬರು ಒತ್ತಿದರೆ ನೇರ ಆ ಮನೆಯಲ್ಲೇ ಗಂಟೆ ಹೊಡೆಯುತ್ತದಂತೆ ಎಂದು ಜನ ಮಾತಾಡುತ್ತಿದ್ದರು. ಲೈನ್ ಇನ್‌ಸ್ಪೆಕ್ಟರ್ ಅಬ್ದುಲ್ ಮಜೀದ ಬಂದು ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, "ಹೇಳ್ರಿ," ಎಂದ.

"ಒಂದು ಫೋನ್ ಬೇಕಾಗಿತ್ತು, ಸಾಹೇಬ್ರ. ಈ ವಾರದಾಗ."

"ಅರ್ಜಿ ಕೊಟ್ಟೀರೇನು?"

"ಈಗ ಕೊಡ್ತೀನಿ."

ಮಜೀದ ನಕ್ಕ. ನಕ್ಕು, ಹೆಸರು ಕೇಳಿ ಪಟ್ಟಿ ತೆಗೆದ. ಬೆರಳು ಇಳಿಸುತ್ತ ಹೋದವನು ಒಂದು ಕಡೆ ನಿಲ್ಲಿಸಿದ. "ಮಂಡಕ್ಕಿ ಭಟ್ಟಿ ಕೊಟ್ರಬಸಪ್ಪ ನೀವ ಏನು? ನಿಮ್ಮ ಅರ್ಜಿ ಎಂಬತ್ನಾಲ್ಕರಿಂದ ಇಲ್ಲೇ ಐತಲ್ರೀ! ನಿಮ್ಮ ಸರತಿ ಬಂದು ವರ್ಷಾತು. ಎರಡು ಸಲ ಕಾಗದ ಹಾಕೀವಿ, ನೀವ ಬರಲಿಲ್ಲ."

ಕೊಟ್ರಬಸಪ್ಪನಿಗೆ ಆಗ ನೆನಪಾಯಿತು. ಯಾವಾಗಲೋ ದಾವಣಗೆರೆ ವ್ಯಾಪಾರಿಯೊಬ್ಬ ಒತ್ತಾಯ ಮಾಡಿ ಅರ್ಜಿ ಹಾಕಿಸಿದ್ದ. ಇನ್ನು ಆ ಎರಡು ಕಾಗದಗಳು. ಭಟ್ಟಿಗೆ ಬಂದ ಕಾಗದವನ್ನು ಓದುವ ಪದ್ಧತಿ ಅವನಲ್ಲಿರಲಿಲ್ಲ. ಆ ಎರಡೂ ಮಂಡಕ್ಕಿ ಪೊಟ್ಟಣವಾಗಿ ಯಾರ ಮನೆಗೋ ಹೋಗಿದ್ದವು.

"ಹತ್ತು ದಿನದಾಗ ಹಚ್ಚಿ ಕೊಡ್ತೀನಿ," ಎಂದ ಮಜೀದ.

"ಅಲ್ಲಾ ಒಳ್ಳೇದು ಮಾಡ್ಲಿ. ಇನ್ನೊಂದು ಸಣ್ಣ ಮಾತು. ನನಗ ಇನ್ನೂರ ನಲವತ್ತೇಳು ಬೇಕು."

"ನಂಬರು ನಾವು ಕೊಡ್ತೀವಿ. ಅದು ನೀವು ಆರಿಸೂ ಬದನಿಕಾಯಲ್ಲ."

"ಮಗನ ಮದುವಿ ಅದರ ಮ್ಯಾಲೆ ನಿಂತೈತ್ರಿ!"

ಮಜೀದ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಂಬದ ಮೇಲೆ, ಗಿಡದ ಮೇಲೆ, ಮಾಳಿಗೆ ಮೇಲೆ ನಿಂತ ಲೈನು ಕಂಡಿದ್ದ. ನಂಬರಿನ ಮೇಲೆ ನಿಂತ ಮದುವೆ ಕಂಡಿರಲಿಲ್ಲ. ಕನಿಕರಪಟ್ಟು ಇನ್ನೊಂದು ಪುಸ್ತಕ ನೋಡಿದ. "ಅದು ಹರಪನಹಳ್ಳಿ ರಸ್ತಿ ಚೌಡಣ್ಣಂದು. ಅವರು ಬಿಡಂಗಿಲ್ಲ. ಊರೂರ ಗ್ವಾಡಿ ಮ್ಯಾಲೆ ಬರಸ್ಯಾರ. ನಿಮಗ ಇನ್ನೂರ ಎಪ್ಪತ್ನಾಲ್ಕು ಕೊಡ್ತೀನಿ ನೋಡ್ರಿ. ಅಂಕಿ ಅವ ಮೂರು."

ಕೊಟ್ರಬಸಪ್ಪ ಕೈಬೆರಳ ಮೇಲೆ ಎಣಿಸಿ ನೋಡಿದ. ಎರಡು ಇತ್ತು, ನಾಲ್ಕು ಇತ್ತು, ಏಳೂ ಇತ್ತು. ಸ್ವಲ್ಪ ಸಮಾಧಾನವಾಯಿತು. ಅಂಕಿ ಎಲ್ಲ ಇದ್ದಮೇಲೆ ಬೀಗರು ಹೇಗಾದರೂ ಹುಡುಕಿಕೊಂಡು ಬಂದಾರು ಎನ್ನಿಸಿತು. ಆದರೂ ಒಂದು ಮಾತು ಹೇಳಿಟ್ಟರೆ ಒಳ್ಳೆಯದು ಎಂದು ಅಲ್ಲಿಂದ ಸೀದಾ ಚೌಡಣ್ಣನ ಮನೆಗೆ ಹೋದ.

ಈಗ ಚೌಡಣ್ಣನ ವಿಷಯ. ಚೌಡಣ್ಣನ ಹತ್ತಿರ ಒಂದು ಮುರ್ರಾ ಕೋಣ ಇತ್ತು. ಹರಿಯಾಣದ ತಳಿ, ಡಾಂಬರಿನ ಹಾಗೆ ಮಿಂಚುವ ಮೈ, ಸುರುಳಿ ಸುತ್ತಿದ ಕೋಡು. ಸುತ್ತಲಿನ ನಾಲ್ಕು ತಾಲೂಕಿನ ಎಮ್ಮೆಗಳ ಸಂತಾನ ಸುಧಾರಿಸುವ ಕೆಲಸ ಅದರದು. ಚೌಡಣ್ಣನಿಗೆ ಮಕ್ಕಳಿರಲಿಲ್ಲ. ಹಾಲು ಬಿಟ್ಟ ಕರುವಾಗಿದ್ದಾಗಿನಿಂದ ಸಾಕಿದ ಅದನ್ನು ಅವನು ಯಾವತ್ತೂ ಕೋಣ ಅಂದವನಲ್ಲ. 'ನಮ್ಮ ಹುಡುಗ' ಎನ್ನುತ್ತಿದ್ದ. ಹೆಂಡತಿಯೂ ಹಾಗೇ ಎನ್ನುತ್ತಿದ್ದಳು. ಇದು ಓಣಿಗೆಲ್ಲ ಗೊತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿ ಮಂಡಕ್ಕಿ ಹುರಿಯುವ ಕೊಟ್ರಬಸಪ್ಪನಿಗೆ ಗೊತ್ತಿರಲಿಲ್ಲ.

ಚೌಡಣ್ಣ ಕಟ್ಟೆಯ ಮೇಲೆ ಕೂತು ಹಿಂಡಿ ನೆನೆಹಾಕುತ್ತಿದ್ದ. ಕೊಟ್ರಬಸಪ್ಪನಿಗೆ ಸುಳ್ಳು ಹೇಳಿದ ಸಂಗತಿ ಬಾಯಿಬಿಟ್ಟು ಹೇಳಲು ನಾಚಿಕೆ. ಸುತ್ತು ಹಾಕಿ ಹೇಳಿದ.

"ಅರಸೀಕೆರಿಯಿಂದ ಒಬ್ಬರು ನಿಮ್ಮ ನಂಬರಿಗೆ ಫೋನ್ ಮಾಡ್ತಾರ್ರಿ. ನನ್ನ ಹೆಸರು ಹೇಳ್ತಾರ. ಹುಡುಗನ ಬಗ್ಗೆ ವಿಚಾರಸ್ತಾರ. ಸ್ವಲ್ಪ ನಾಲ್ಕು ಒಳ್ಳೆ ಮಾತು ಹೇಳಬೇಕು."

ಚೌಡಣ್ಣನ ಮುಖ ಅರಳಿತು. ಪರಿಚಯವಿಲ್ಲದ ಮನುಷ್ಯ ತಾನಾಗಿ ಬಂದು ಗಿರಾಕಿ ಹೊಂದಿಸಿಕೊಡುತ್ತಿದ್ದಾನೆ!

"ಅದನ್ನ ನೀವು ಹೇಳಬೇಕೇನ್ರಿ? ಹುಡುಗನ ಬಗ್ಗೆ ನನಗಿಂತ ಚಲೋ ಹೇಳವ್ರು ಯಾರದಾರ?"

ಪಕ್ಕದ ಓಣಿಯವನೂ ಅಲ್ಲದ ಚೌಡಣ್ಣನಿಗೆ ತನ್ನ ಮಗನ ಗುಣ ಇಷ್ಟು ಗೊತ್ತಿದೆಯಲ್ಲ ಎಂದು ಕೊಟ್ರಬಸಪ್ಪ ಹಿಗ್ಗಿದ. ಕೈ ಮುಗಿದು ಬಂದ.

ಆರನೇ ದಿನ ನಾಗೇಂದ್ರಪ್ಪನ ಟ್ರಂಕ್ ಕಾಲ್ ಬಂತು. ಆ ಮಾತುಕತೆಯನ್ನು ಆಮೇಲೆ ಎರಡೂ ಕಡೆಯವರಿಂದ ಕೇಳಿ ಕೂಡಿಸಿಟ್ಟುಕೊಂಡಿದ್ದೇವೆ.

"ಹಲೋ, ಕೊಟ್ಟೂರೇನ್ರಿ? ಇನ್ನೂರ ನಲವತ್ತೇಳ? ಕೊಟ್ರಬಸಪ್ಪನೋರು ಅದಾರ?"

"ಅವರು ಎಲ್ಲಾ ಹೇಳಿ ಹೋಗ್ಯಾರ್ರಿ. ಅರಸೀಕೆರಿಯವರಲ್ಲ? ಹುಡುಗನ ವಿಚಾರಲ್ಲ? ನಾನು ಚೌಡಣ್ಣ. ಅವನ್ನ ಸಣ್ಣಾಂವ ಇದ್ದಾಗಿಂದ ಸಾಕಿದಾತ ನಾನ. ಏನ್ ಬೇಕಾದ್ದು ಕೇಳ್ರಿ."

ಸೋದರಮಾವ ಇರಬೇಕು ಎಂದುಕೊಂಡ ನಾಗೇಂದ್ರಪ್ಪ ಡೈರಿ ತೆರೆದ. "ಸ್ವಭಾವ ಹೆಂಗ್ರಿ?"

"ಹಾಲಿನಂಥಾದ್ದು. ಓಣಿ ಹುಡುಗರು ಮೈಮ್ಯಾಲೆ ಹತ್ತಿ ಕುಂತ್ರೂ ಅಲ್ಲಾಡಂಗಿಲ್ಲ."

ಮಾಸ್ತರನಲ್ಲವೇ! ನಾಗೇಂದ್ರಪ್ಪ 'ಮಕ್ಕಳೆಂದರೆ ಪ್ರೀತಿ' ಎಂದು ಬರೆದುಕೊಂಡ. "ಊಟದ ವಿಷಯ?"

"ಹಾಕಿದ್ದು ತಿಂತಾನ. ಅಮಾಸಿಗೊಮ್ಮೆ ಎಣ್ಣಿ ಹಚ್ಚಿ ಮೈ ತಿಕ್ಕಬೇಕು, ಅಷ್ಟ. ಇಲ್ಲಂದ್ರ ಮುನಿಸ್ಕೊಂತಾನ."

ಮುದ್ದಿನಿಂದ ಬೆಳೆಸಿದ್ದಾರೆ, ಇರಲಿ. "ಕುಡಿಯೂದು ಗಿಡಿಯೂದು ಏನಿಲ್ಲಲ್ಲ?"

"ಇಲ್ಲದೇನ್ರಿ? ಮುಂಜಾನಿ ಎರಡು ಕೊಡ, ಸಂಜಿಕ ಎರಡು ಕೊಡ. ಬ್ಯಾಸಗಿ ಬಂತಂದ್ರ ಕೇಳಬ್ಯಾಡ್ರಿ."

ಪೆನ್ನು ನಿಂತಿತು. ನಾಗೇಂದ್ರಪ್ಪ ಬಾಗಿಲ ಕಡೆ ನೋಡಿ, ಹೆಂಗಸರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದ. "ಮತ್ತ... ಹಿಂದ ಯಾವದಾರ ಹೆಣ್ಣಿನ ಸಂಬಂಧ ಗಿಂಬಂಧ?"

ಚೌಡಣ್ಣನಿಗೆ ಅಭಿಮಾನ ಉಕ್ಕಿತು. "ಏನ್ ಮಾತಂತ ಕೇಳ್ತೀರಿ! ಇತ್ತಾಗ ಕೂಡ್ಲಿಗಿ, ಅತ್ತಾಗ ಹಗರಿಬೊಮ್ಮನಹಳ್ಳಿ, ಹಡಗಲಿ ದಾಟಿ ಮೈಲಾರದ ತನಕ ಅವನ ಮಕ್ಕಳಿಲ್ಲದ ಊರು ತೋರಸ್ರಿ, ನಾನು ಮೀಸಿ ಬೋಳಿಸ್ಕೊಂತೀನಿ!"

"ಮಕ್ಕಳು?"

"ನೂರಾ ಹನ್ನೆರಡು! ಎಲ್ಲಾ ರಿಜಿಸ್ಟರದಾಗ ಬರದಿಟ್ಟೀನಿ. ಮುಚ್ಚಿಡೂ ಪೈಕಿ ಅಲ್ಲ ನಾನು."

ಲೈನಿನ ಗೊರಗೊರದಲ್ಲಿ 'ನೂರಾ' ಎಂಬುದು ನುಂಗಿಹೋಗಿ ನಾಗೇಂದ್ರಪ್ಪನಿಗೆ ಹನ್ನೆರಡು ಎಂದಷ್ಟೇ ಕೇಳಿಸಿತು. ಅವನಿಗೆ ಅಷ್ಟು ಸಾಕಾಯಿತು. ರಿಸೀವರು ಇಟ್ಟು ಒಂದು ತಂಬಿಗೆ ನೀರು ಕುಡಿದ.

ಇತ್ತ ಕೊಟ್ಟೂರಿನಲ್ಲಿ ಕೊಟ್ರಬಸಪ್ಪನ ಮನೆ ಮುಂದೆ ಜನ ನೆರೆದಿದ್ದರು. ಮಜೀದ ಮಾತು ಕೊಟ್ಟಂತೆ ಹತ್ತನೇ ದಿನಕ್ಕೆ ತಾನೇ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು, ಕಂಬದಿಂದ ತಂತಿ ಎಳೆಸಿ, ಜಂತಿಗೆ ಮೊಳೆ ಹೊಡೆಸಿ, ಪಡಸಾಲೆಯ ಗೂಡಿನಲ್ಲಿ ಫೋನು ಕೂಡಿಸಿದ. ಬೆಣ್ಣೆ ಬಣ್ಣದ ಯಂತ್ರ. ತಿರುಗಿಸುವ ಗಾಲಿ ಇಲ್ಲ, ಒತ್ತುವ ಗುಂಡಿ. ಅನ್ನದಾನಮ್ಮ ಕುಂಕುಮ ಹಚ್ಚಲು ಹೋದಾಗ ಮಜೀದ, "ಗುಂಡಿಗೆ ಬ್ಯಾಡ್ರಿ ತಾಯಿ, ಮ್ಯಾಲೆ ಹಚ್ರಿ, ಒಳಗೆ ಇಳದ್ರ ಗಂಟಿ ಹೊಡಿಯಂಗಿಲ್ಲ," ಎಂದು ಬೇಡಿಕೊಂಡ.

ಪಕ್ಕದ ಮನೆಯ ಜಂಬಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು. "ಡಿಜಿಟಲ್ ಅಂದ್ರೇನಪಾ ಮಜೀದಣ್ಣ?"

"ಮಾತನ್ನ ಅಂಕಿ ಮಾಡಿ ಕಳಸ್ತೈತಿ ಜಂಬಕ್ಕ. ಆ ಕಡಿ ಹೋಗಿ ಮತ್ತ ಮಾತಾಗ್ತೈತಿ."

"ನಡುವ ಯಾವದಾರ ಅಂಕಿ ಉದುರಿದ್ರ?"

ಮಜೀದ ಸ್ಕ್ರೂ ಬಿಗಿ ಮಾಡತೊಡಗಿದ. ಜಂಬಮ್ಮ ಅಂದಿನಿಂದ ಆ ತಂತಿಯ ಕೆಳಗೆ ಹಾದುಹೋಗುವಾಗ ತಲೆ ಮೇಲೆ ಸೆರಗು ಹೊದ್ದುಕೊಳ್ಳತೊಡಗಿದಳು.

ಫೋನು ಜೀವ ಹಿಡಿದ ಕೂಡಲೇ ಕೊಟ್ರಬಸಪ್ಪ ಮಾಡಿದ ಮೊದಲ ಕೆಲಸ ಅರಸೀಕೆರೆಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದು. ಹತ್ತು ದಿನವಾದರೂ ಅಲ್ಲಿಂದ ಸುದ್ದಿ ಇರಲಿಲ್ಲ. ಓಣಿಯವರೆಲ್ಲ ಪಡಸಾಲೆಯಲ್ಲಿ ಕೂತರು. ಒಂದೂವರೆ ತಾಸಿನ ಮೇಲೆ ಗಂಟೆ ಹೊಡೆಯಿತು. ಆ ಕಡೆ ಫೋನು ಎತ್ತಿದ್ದು ನಾಗೇಂದ್ರಪ್ಪನ ತಾಯಿ ಕೆಂಚಕ್ಕ. ಎಪ್ಪತ್ತು ದಾಟಿದ ಮುದುಕಿ, ಮಗನಿಂದ ಎಲ್ಲ ಕೇಳಿ ಕಾದು ಕೂತಿದ್ದಳು.

"ನಾನ್ರಿ ಅಮ್ಮಾ, ಕೊಟ್ಟೂರು ಕೊಟ್ರಬಸಪ್ಪ!"

"ಎಪ್ಪಾ, ಒಂದು ಮಾತು ಖರೇ ಹೇಳು. ದಿನಾ ನಾಲ್ಕು ಕೊಡ ಅಂತಲ್ಲೋ?"

ಕೊಟ್ರಬಸಪ್ಪನಿಗೆ ಕೊಡ ಎಂದರೆ ನೀರು. ಹೆಣ್ಣು ಕೊಡುವವರು ನೀರಿನ ಅನುಕೂಲ ಕೇಳುವುದು ನಮ್ಮ ಕಡೆ ಹೊಸದಲ್ಲ. ಬಾವಿಗೆ ಮೊಳ ಹಗ್ಗ ಹೆಚ್ಚಾದರೂ ಸಂಬಂಧ ತಪ್ಪುತ್ತದೆ. ಅವನು ಪೂರ್ತಿ ದನಿ ತೆಗೆದು ಹೇಳಿದ.

"ನಾಲ್ಕ ಅಂತ ಯಾರು ಹೇಳಿದ್ರಮ್ಮಾ? ಹತ್ತು ಕೊಡಕ್ಕ ಕಮ್ಮಿ ಇಲ್ಲ! ನೀವು ಒಮ್ಮಿ ಬರ್ರಿ, ನಿಮಗೂ ಹೊಟ್ಟಿ ತುಂಬ ಕುಡಸ್ತೀವಿ!"

ಆ ಕಡೆ ಕೆಂಚಕ್ಕ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಮಕ್ಕಳು ಹನ್ನೆರಡಂತಲ್ಲಪಾ?"

ತನ್ನ ಮಗಳು, ಮಗನ ಲೆಕ್ಕ ಕೇಳುತ್ತಿದ್ದಾಳೆ ಎಂದುಕೊಂಡ ಕೊಟ್ರಬಸಪ್ಪ. "ಹನ್ನೆರಡೆಲ್ಲೀದಮ್ಮಾ, ಇಬ್ಬರ! ದೊಡ್ಡಾಕಿ ಹಡಗಲ್ಯಾಗ ಅದಾಳ. ಆಕಿದೇನೂ ತಕರಾರಿಲ್ಲ, ಹಬ್ಬಕ್ಕ ಬಂದು ಸೀರಿ ಉಟ್ಕೊಂಡು ಹೋಗ್ತಾಳ!"

ಲೈನು ಕಡಿಯಿತು. ಕೊಟ್ರಬಸಪ್ಪ ರಿಸೀವರು ಇಟ್ಟು, ಬೆವರು ಒರೆಸಿಕೊಂಡು, ನೆರೆದವರಿಗೆ ಹೇಳಿದ. "ಎಲ್ಲಾ ಕೇಳಿ ತಿಳ್ಕೊಂಡ್ರು. ಆದಂಗ." ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಹಂಚಿದ. ಅನ್ನದಾನಮ್ಮ ಮಾತ್ರ ಕೇಳಿದಳು, "ಹನ್ನೆರಡು ಯಾಕ ಅಂದ್ರು?" ಅದಕ್ಕೆ ಜಂಬಮ್ಮ, "ನಾನು ಹೇಳಲಿಲ್ಲೇನು, ನಡುವ ಅಂಕಿ ಹೆಚ್ಚುಕಮ್ಮಿ ಆಗ್ತಾವ," ಎಂದಳು.

ಅರಸೀಕೆರೆಯಲ್ಲಿ ನಾಗೇಂದ್ರಪ್ಪ ಸಿಟ್ಟಿನಿಂದ ಕುಣಿದಾಡುತ್ತಿದ್ದ. "ಒಪ್ಪಿಕೊಂಡ್ನಲ್ಲವ್ವ! ಹತ್ತು ಕೊಡ ಅಂದ! ನಿನಗೂ ಕುಡಸ್ತಾನಂತ! ಸಂಬಂಧ ಬ್ಯಾಡ ಅಂತ ಈಗಲೇ ಕಾಗದ ಹಾಕ್ತೀನಿ."

ಕೆಂಚಕ್ಕ ಅಡಿಕೆ ಕತ್ತರಿಸುತ್ತ ಯೋಚನೆ ಮಾಡಿದಳು. "ಅಲ್ಲೋ, ಆ ಹುಡುಗ ನಮ್ಮ ಮನ್ಯಾಗ ಎರಡನೇ ಸಲ ಚಹಾ ಬೇಕಂತ ಕೇಳಾಕ ಅಂಜಿದಾಂವ. ಅವನು ಇಷ್ಟೆಲ್ಲಾ ಮಾಡ್ಯಾನಂದ್ರ ನನಗ್ಯಾಕೋ ನಂಬಿಗಿ ಬರವಲ್ದು. ಮತ್ತ ಆ ಅಪ್ಪ ಎಷ್ಟು ಖುಷಿಲೆ ಹೇಳಿದ ಅಂತಿ! ಹೋಗಿ ನೋಡೂಣ."

ಒಳಗಿನಿಂದ ಪಂಪಾವತಿ ಬಂದಳು. "ನಾನೂ ಬರ್ತೀನಿ. ರಿಜಿಸ್ಟರ ಐತಂತಲ್ಲ, ನಾನ ಓದಬೇಕು."

ಹೆಣ್ಣುಮಕ್ಕಳು ಹಾಗೆಲ್ಲ ಗಂಡಿನ ಊರಿಗೆ ಹೋಗುವ ಪದ್ಧತಿ ಇಲ್ಲ ಎಂದು ನಾಗೇಂದ್ರಪ್ಪ ಅಂದ. ಗಂಡಿನ ರಿಜಿಸ್ಟರು ಇಡುವ ಪದ್ಧತಿಯೂ ಇಲ್ಲ ಎಂದು ಕೆಂಚಕ್ಕ ಅಂದಳು. ಭಾನುವಾರ ಬೆಳಿಗ್ಗೆ ಮೂವರೂ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರು.

ನಾಗೇಂದ್ರಪ್ಪ ಹೂವಿನ ಅಂಗಡಿಯವನನ್ನು ಕೇಳಿದ. "ಇನ್ನೂರ ನಲವತ್ತೇಳು ನಂಬರಿನವರ ಮನಿ ಯಾವುದು?" ಅವನು ತಲೆ ಎತ್ತದೆ ಎದುರಿನ ಗೋಡೆ ತೋರಿಸಿ, "ಹರಪನಹಳ್ಳಿ ರಸ್ತಿ," ಎಂದ. ಕೆಂಚಕ್ಕನಿಗೆ ಓದಲು ಬರುತ್ತಿರಲಿಲ್ಲ. ನಾಗೇಂದ್ರಪ್ಪ ಸಿಟ್ಟಿನಲ್ಲಿ ಗೋಡೆ ನೋಡದೆ ಹೆಜ್ಜೆ ಹಾಕಿದ. ಪಂಪಾವತಿ ಒಬ್ಬಳೇ ಹಿಂದೆ ನಿಂತು ಆ ಗೋಡೆಯನ್ನು ಮೊದಲಿಂದ ಕೊನೆತನಕ ಓದಿದಳು. ಚಿತ್ರವನ್ನೂ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಏನೂ ಹೇಳದೆ ಅಪ್ಪನ ಹಿಂದೆ ನಡೆದಳು. ಅವಳ ಭುಜ ಅಲುಗುವುದನ್ನು ಕಂಡು ಕೆಂಚಕ್ಕ, "ಅಳಬ್ಯಾಡಬೇ," ಎಂದು ಬೆನ್ನು ಸವರಿದಳು.

ಚೌಡಣ್ಣ ಎದುರಿಗೇ ಬಂದ. "ಅರಸೀಕೆರಿಯವ್ರೇನ್ರಿ? ಬರ್ರಿ ಬರ್ರಿ! ಹುಡುಗಗ ಈಗ ಮೈ ತೊಳದು ಹಣಿಗೆ ವಿಭೂತಿ ಹಚ್ಚಿ ನಿಲ್ಲಿಸೀನಿ. ನೋಡಿದ್ರ ಕಣ್ಣು ತಗಿಯಂಗಿಲ್ಲ ನೀವು."

"ಮೊದಲು ರಿಜಿಸ್ಟರ ತೋರಸ್ರಿ," ಎಂದ ನಾಗೇಂದ್ರಪ್ಪ ಹಲ್ಲು ಕಚ್ಚಿ.

"ಹಂಗ ಇರಬೇಕು ಗಿರಾಕಿ!" ಚೌಡಣ್ಣ ಒಳಗೆ ಹೋಗಿ ರಿಜಿಸ್ಟರು ತಂದು ಕೈಗೆ ಕೊಟ್ಟು, ಉಪಕಾರ ಮಾಡಿದ ಕೊಟ್ರಬಸಪ್ಪನಿಗೂ ಸುದ್ದಿ ಮುಟ್ಟಿಸೋಣ ಎಂದು ಫೋನಿನ ಹತ್ತಿರ ಹೋದ. ಹೊಸ ನಂಬರು ಕೊಟ್ರಬಸಪ್ಪನೇ ಬಂದು ಹೇಳಿಹೋಗಿದ್ದ.

ಅತ್ತ ಕೊಟ್ರಬಸಪ್ಪನ ಮನೆಯಲ್ಲಿ ಅಪ್ಪ ಮಗ ಇಬ್ಬರೂ ರೊಟ್ಟಿ ತಿನ್ನುತ್ತಿದ್ದರು.

"ನಿಮ್ಮ ಅರಸೀಕೆರಿಯವ್ರು ಬಂದಾರ್ರೀ!" ಎಂದಿತು ಫೋನು. "ಹುಡುಗನ್ನ ನೋಡಾಕತ್ಯಾರ!"

ಕೊಟ್ರಬಸಪ್ಪ ಎದುರಿಗೆ ಕೂತ ಹಾಲಸ್ವಾಮಿಯನ್ನು ನೋಡಿದ. ರಿಸೀವರನ್ನು ನೋಡಿದ. "ಹುಡುಗ ಇಲ್ಲೇ ಅದಾನಲ್ರೀ?"

"ಅಲ್ಲ್ಯಾಕಿರ್ತಾನ? ಕೊಟ್ಟಿಗ್ಯಾಗ ಕಟ್ಟೀನಿ!"

ಕೊಟ್ರಬಸಪ್ಪ ಕೈ ತೊಳೆಯದೆ ಓಡಿದ. ಹಾಲಸ್ವಾಮಿ ಸೈಕಲ್ ಹತ್ತಿ ಹಿಂದೆ ಬಂದವನು, ಅಪ್ಪನನ್ನು ದಾರಿಯಲ್ಲೇ ಹತ್ತಿಸಿಕೊಂಡ.

ಇತ್ತ ನಾಗೇಂದ್ರಪ್ಪ ರಿಜಿಸ್ಟರಿನ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದ. ಊರಿಗೆಲ್ಲ ಕೇಳಲಿ ಎಂಬ ಉದ್ದೇಶ. "ಎರ್ರೆಪ್ಪ, ಮೈಲಾರ. ಗಂಡು ಒಂದು. ಹಣೆಯ ಮೇಲೆ ಬಿಳಿ ಚುಕ್ಕೆ. ಉಚ್ಚಂಗೆಪ್ಪ, ತೆಲಿಗಿ. ಹೆಣ್ಣು ಒಂದು. ಬಾಲ ಉದ್ದ."

ಅಲ್ಲಿಗೆ ನಿಂತ. ಮತ್ತೊಮ್ಮೆ ಓದಿದ. "ಬಾಲ ಉದ್ದ?"

ಚೌಡಣ್ಣ ಕೊಟ್ಟಿಗೆಯ ತಟ್ಟಿ ಸರಿಸಿದ. ಒಳಗೆ, ವಿಭೂತಿ ಪಟ್ಟೆ ಬಳಿದುಕೊಂಡು, ಕೊರಳಲ್ಲಿ ಗಂಟೆ ಕಟ್ಟಿಸಿಕೊಂಡು, ಹುಡುಗ ನಿಂತಿದ್ದ. ಬಂದವರನ್ನು ಕಂಡು ಒಮ್ಮೆ ಕೂಗಿದ. ಮಾಡಿನ ಹಂಚು ಅದುರಿದವು.

ಮೊದಲು ನಕ್ಕವಳು ಪಂಪಾವತಿ. ಬಸ್‌ಸ್ಟ್ಯಾಂಡಿನಿಂದ ಹಿಡಿದಿಟ್ಟುಕೊಂಡ ನಗು ಅದು. ಬಿಟ್ಟ ಮೇಲೆ ಅವಳು ಕಂಬ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಕೆಂಚಕ್ಕ ಅಲ್ಲೇ ನೆಲಕ್ಕೆ ಕೂತು ನಕ್ಕಳು. ಏನಾಯಿತೆಂದು ತಿಳಿಯದ ಚೌಡಣ್ಣನೂ ಮರ್ಯಾದೆಗೆ ಸ್ವಲ್ಪ ನಕ್ಕ. ನಾಗೇಂದ್ರಪ್ಪ ನಗಲಿಲ್ಲ. ಅವನು ರಿಜಿಸ್ಟರು ಹಿಡಿದು ನಿಂತಿದ್ದಾಗಲೇ ಕೊಟ್ರಬಸಪ್ಪ, ಹಾಲಸ್ವಾಮಿ ಬಂದಿಳಿದರು.

"ಇದು ನಿಮ್ಮ ನಂಬರೇನ್ರಿ?" ನಾಗೇಂದ್ರಪ್ಪ ಕೇಳಿದ.

ಕೊಟ್ರಬಸಪ್ಪ ಕೋಣ ನೋಡಿದ, ರಿಜಿಸ್ಟರು ನೋಡಿದ, ಎಲ್ಲ ತಿಳಿಯಿತು. ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಲ್ರಿ. ಅವತ್ತು ನಮ್ಮ ಮನ್ಯಾಗ ಫೋನ ಇರಲಿಲ್ಲ. ನೀವು ಪೆನ್ನು ಹಿಡಕೊಂಡು ಕುಂತಿದ್ರಿ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

"ಫೋನಿಲ್ಲದ ಮನಿಗೆ ಹುಡುಗಿನ್ನ ಕೊಡಂಗಿಲ್ಲ ಅಂತ ನಾನೇನರ ಅಂದಿದ್ನೇ? ಇಂಥಾ ಸಣ್ಣ ಮಾತಿಗೆ ಸುಳ್ಳು ಹೇಳಿದ್ರಿ. ನಾಳೆ ದೊಡ್ಡ ಮಾತು ಬಂದಾಗ ಏನ್ ಹೇಳ್ತೀರಿ? ಇಂಥಾ ಮನಿಗೆ ನಾನು ಹೆಂಗ ಕೊಡ್ಲಿ?"

ಕೊಟ್ರಬಸಪ್ಪ ವಲ್ಲಿಯನ್ನು ಎರಡೂ ಕೈಯಲ್ಲಿ ಹಿಂಡಿದ. ತಲೆ ತಗ್ಗಿಸಿ ನಿಂತ. ಮಾತು ಮುರಿದುಹೋದ ಹಾಗೇ ಆಗಿತ್ತು.

"ತಪ್ಪು ಅಪ್ಪಂದಷ್ಟ ಅಲ್ರಿ," ಎಂಬ ದನಿ ಕೇಳಿತು.

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ಹಾಲಸ್ವಾಮಿ. ಸೈಕಲ್ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡಿದ್ದ. "ನಾನೂ ಅಲ್ಲೇ ಕುಂತಿದ್ನಿ. ನಾನರ ಹೇಳಬೇಕಾಗಿತ್ತು. ಹೇಳಲಿಲ್ಲ."

"ಯಾಕ ಹೇಳಲಿಲ್ಲ?" ಎಂದು ಕೇಳಿದ್ದು ನಾಗೇಂದ್ರಪ್ಪನಲ್ಲ, ಪಂಪಾವತಿ. ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು.

ಹಾಲಸ್ವಾಮಿ ಕೆಂಪಗಾದ. "ನನಗ ಕೇಳಸಲಿಲ್ರಿ."

"ಅಲ್ಲೇ ಕುಂತಿದ್ರಿ, ಕೇಳಸಲಿಲ್ಲೇನು?"

"ನೀವು ಬಾಗಲದಾಗ ನಿಂತಿದ್ರಿ. ನಾನು ನಿಮ್ಮನ್ನ ನೋಡಾಕತ್ತಿದ್ನಿ."

ಇದನ್ನು ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವನಿಗೆ ತಿಳಿಯಿತು. ಓಡಿಹೋಗಲು ಸೈಕಲ್ ತಿರುಗಿಸಿದ. ಹಿಂದಿನ ಗಾಲಿಗೆ ಅಪ್ಪ ಅಡ್ಡ ನಿಂತಿದ್ದ. ಕೊಟ್ಟಿಗೆಯಲ್ಲಿ ಕೊರಳ ಗಂಟೆ ಒಮ್ಮೆ ಅಲುಗಿತು.

ಕೆಂಚಕ್ಕ ನೆಲಕ್ಕೆ ಕೈ ಊರಿ ಎದ್ದಳು. ಹಾಲಸ್ವಾಮಿಯ ಹತ್ತಿರ ಹೋಗಿ, ಅವನ ಗಲ್ಲ ಹಿಡಿದೆತ್ತಿ ನೋಡಿ, ಮಗನ ಕಡೆ ತಿರುಗಿದಳು. "ಈ ಮುಖಕ್ಕ ಹನ್ನೆರಡು ಮಕ್ಕಳಂತ ನಂಬಿದೆಲ್ಲೋ ನಾಗೇಂದ್ರ! ನಿನ್ನ ವಿಚಾರಣಿಗೆ ಬೆಂಕಿ ಬೀಳ್ಲಿ."

"ಸುಳ್ಳಂತೂ ಹೇಳ್ಯಾರವ್ವ," ಎಂದ ನಾಗೇಂದ್ರಪ್ಪ. ದನಿಯಲ್ಲಿ ಮೊದಲಿನ ಕಾವು ಇರಲಿಲ್ಲ.

"ಹೇಳ್ಯಾರ. ಬಾಯಿಬಿಟ್ಟು ಒಪ್ಪಿಕೊಂಡೂ ಆತು, ಕೋಣದ ಎದುರಿಗೆ ತಲಿ ತಗ್ಗಿಸಿ ನಿಂತೂ ಆತು. ಇನ್ನೇನ್ ಮಾಡಬೇಕಂತಿ? ಹುಡುಗಿನ್ನ ಕೇಳು."

ಪಂಪಾವತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ರಿಜಿಸ್ಟರನ್ನು ಅಪ್ಪನ ಕೈಯಿಂದ ತೆಗೆದು ಚೌಡಣ್ಣನಿಗೆ ವಾಪಸು ಕೊಟ್ಟಳು.

"ಅಜ್ಜಿ, ಇಷ್ಟು ದೂರ ಬಂದೀವಿ. ಇವರ ಮನಿ ಹೆಂಗೈತಿ ನೋಡ್ಕೊಂಡ ಹೋಗೂಣ."

ಅದರ ಅರ್ಥ ನಾಗೇಂದ್ರಪ್ಪನಿಗೆ ತಿಳಿಯಿತು, ಕೆಂಚಕ್ಕನಿಗೆ ತಿಳಿಯಿತು, ಹಾಲಸ್ವಾಮಿಗಂತೂ ಸೈಕಲ್ ಸ್ಟ್ಯಾಂಡು ಹಾಕುವುದಕ್ಕೇ ಆಗದಷ್ಟು ತಿಳಿಯಿತು. ಕೊಟ್ರಬಸಪ್ಪನಿಗೆ ಚೌಡಣ್ಣ ವಿವರಿಸಿ ಹೇಳಬೇಕಾಯಿತು. ಹೇಳಿದ ಕೂಡಲೇ ಅವನು ಚೌಡಣ್ಣನ ಮನೆಯೊಳಗೆ ನುಗ್ಗಿದ. ಅನ್ನದಾನಮ್ಮನಿಗೆ ಸುದ್ದಿ ಮುಟ್ಟಬೇಕಲ್ಲ. ಗಡಿಬಿಡಿಯಲ್ಲಿ ಎರಡು, ನಾಲ್ಕು, ಏಳು ಒತ್ತಿ ಕಿವಿಗಿಟ್ಟ.

"ಎಂಗೇಜ್ ಐತಿ! ಯಾರೋ ಮಾತಾಡಾಕತ್ಯಾರ!"

"ನೀವ ಮಾತಾಡಾಕತ್ತೀರಿ," ಎಂದು ಚೌಡಣ್ಣ ತಾಳ್ಮೆಯಿಂದ ರಿಸೀವರು ಇಸಿದುಕೊಂಡು, ಸರಿಯಾದ ಗುಂಡಿ ಒತ್ತಿ ಕೊಟ್ಟ. ಒಂದೇ ಗಂಟೆಗೆ ಅನ್ನದಾನಮ್ಮ ಎತ್ತಿದಳು. ಫೋನಿನ ಮುಂದೆಯೇ ಕೂತಿದ್ದಳೆಂದು ಕಾಣುತ್ತದೆ.

"ಅರಸೀಕೆರಿಯವ್ರು ಮನಿಗೆ ಬರಾಕತ್ಯಾರ!" ಕೊಟ್ರಬಸಪ್ಪ ಕೂಗಿದ. ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು.

"ಯಾಕ ಬರಾಕತ್ಯಾರ, ಮಾತು ಮುರಿಯಾಕೋ, ಕೂಡಸಾಕೋ? ಬಂದವ್ರಿಗೆ ಖಾರ ಮಾಡ್ಲ್ಯಾ, ಸಿಹಿ ಸಜ್ಜಕ ಮಾಡ್ಲ್ಯಾ?"

ಕೊಟ್ರಬಸಪ್ಪ ಕಿಟಕಿಯಿಂದ ಹೊರಗೆ ನೋಡಿದ. ಕೆಂಚಕ್ಕ ಮಗನ ತೋಳು ಹಿಡಿದು ಮುಂದೆ ಹೊರಟಿದ್ದಳು. ಹಿಂದೆ ಸೈಕಲ್ ತಳ್ಳಿಕೊಂಡು ಹಾಲಸ್ವಾಮಿ, ಸೈಕಲ್ಲಿನ ಆಚೆ ಬದಿಗೆ ಪಂಪಾವತಿ. ಮಗ ಏನೋ ಹೇಳುತ್ತಿದ್ದ. ಒಂದು ಕೈ ಬಿಟ್ಟು, ಕರಿಹಲಗೆ ಮುಂದೆ ನಿಂತವನ ಹಾಗೆ ಗಾಳಿಯಲ್ಲಿ ಬರೆದು ತೋರಿಸುತ್ತ, ನಿಲ್ಲಿಸದೆ ಮಾತಾಡುತ್ತಿದ್ದ.

"ಸಜ್ಜಕ," ಎಂದ ಕೊಟ್ರಬಸಪ್ಪ. ಈ ಸಲ ಕೂಗಲಿಲ್ಲ. "ತುಪ್ಪ ಸ್ವಲ್ಪ ಜಾಸ್ತಿ ಹಾಕು."